ತೊಟ್ಟಿಲು ಎಣಿಸಿದ ಊರು

ಒಂದು ಲೈನ್ ಮನೆ ಕಟ್ಟಿಸಲು ಆ ವರ್ಷ ನಲವತ್ತು ಸಾವಿರ ಬೀಳುತ್ತಿತ್ತು. ಒಂದು ಕೋಣೆ, ಮೂಲೆಯಲ್ಲಿ ಅಡುಗೆ ಕಟ್ಟೆ, ಮೇಲೆ ಶೀಟು, ಹಿಂದುಗಡೆ ಎಲ್ಲರಿಗೂ ಸೇರಿ ಎರಡು ಬಚ್ಚಲು. ಬಾಡಿಗೆ ತಿಂಗಳಿಗೆ ಎಂಟುನೂರು. ನಾಲ್ಕು ವರ್ಷ ಚಿಲ್ಲರೆಯಲ್ಲಿ ಹಾಕಿದ್ದು ಕೈಗೆ ಬರುತ್ತದೆ, ಆಮೇಲಿನದೆಲ್ಲ ಲಾಭ. ಬೈರಪ್ಪನಿಗೆ ಈ ಲೆಕ್ಕ ಬಾಯಿಪಾಠವಾಗಿತ್ತು. ಅವನು ಮಾತ್ರ ಒಂದು ಲೈನ್ ಮನೆಯನ್ನೂ ಕಟ್ಟಿಸಿರಲಿಲ್ಲ. ಹದಿನೆಂಟು ಕಟ್ಟಿಸಿದ್ದವನು ಅವನ ಷಡ್ಡಕ ದೇವರಾಜು.

ಇಬ್ಬರೂ ಗುಡೇಮಾರನಹಳ್ಳಿಯ ಒಂದೇ ಮನೆಯ ಅಳಿಯಂದಿರು. ಅಕ್ಕ ಸಿದ್ದಮ್ಮನನ್ನು ಬೈರಪ್ಪ ತಂದಿದ್ದ, ತಂಗಿಯನ್ನು ದೇವರಾಜು. ಬೈರಪ್ಪನ ಊರು ಕೋಡಿಪಾಳ್ಯ, ದೇವರಾಜುವಿನದು ಯಳವನದೊಡ್ಡಿ. ನಡುವೆ ಒಂದು ಹಳ್ಳ. ಮೊದಲೆಲ್ಲ ಉಳುಮೆ ಬಂದರೆ ದೇವರಾಜು ಹಳ್ಳ ದಾಟಿ ಬಂದು ಬೈರಪ್ಪನ ಎತ್ತು ಕೇಳುತ್ತಿದ್ದ. ಬಿಡದಿಯ ಕಡೆ ಕಾರ್ಖಾನೆಗಳು ಬಂದವು, ಅವುಗಳ ಹಿಂದೆ ಟಾರು ರಸ್ತೆ ಬಂತು. ಸರ್ವೆಯವರ ಕಲ್ಲು ಹಳ್ಳದ ಆ ದಡಕ್ಕೇ ನಿಂತುಹೋಯಿತು. ದೇವರಾಜುವಿನ ಕಲ್ಲುಭೂಮಿಗೆ ಪರಿಹಾರ ಸಿಕ್ಕಿತು, ಅವನಂತೆ ಪರಿಹಾರ ಸಿಕ್ಕವರೆಲ್ಲ ಊರ ತುಂಬ ಲೈನ್ ಮನೆ ಎಬ್ಬಿಸಿದರು, ಬೈರಪ್ಪನ ಹಿಪ್ಪುನೇರಳೆ ತೋಟ ತೋಟವಾಗಿಯೇ ಉಳಿಯಿತು. ಅಲ್ಲಿಂದೀಚೆಗೆ ಮಾವನ ಮನೆಗೆ ಹೋದರೆ ಕೋಳಿಯ ತೊಡೆ ದೇವರಾಜುವಿನ ತಟ್ಟೆಗೆ ಬೀಳುತ್ತಿತ್ತು. ಹಿರಿಯ ಅಳಿಯನಿಗೆ ಸಾರು ಮಾತ್ರ ಧಾರಾಳ.

ಇನ್ನೊಂದು ಕಿಚ್ಚು ಇದಕ್ಕಿಂತ ಹತ್ತಿರದ್ದು. ಬೈರಪ್ಪನ ದೊಡ್ಡ ಮಗಳು ಭಾನುಪ್ರಿಯಳ ಗಂಡ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸಕ್ಕಿದ್ದ. ಅವರು ಬಾಡಿಗೆಗೆ ಇದ್ದದ್ದು ದೇವರಾಜುವಿನ ಲೈನ್ ಮನೆಯಲ್ಲೇ. ದೇವರಾಜು ಅವರ ಹತ್ತಿರ ಬಾಡಿಗೆಯಲ್ಲಿ ನೂರು ರೂಪಾಯಿ ಕಮ್ಮಿ ತೆಗೆದುಕೊಳ್ಳುತ್ತಿದ್ದ. ಪೂರ್ತಿ ತೆಗೆದುಕೊಂಡಿದ್ದರೆ ಬೈರಪ್ಪನಿಗೆ ಇಷ್ಟು ಉರಿಯುತ್ತಿರಲಿಲ್ಲ.

ಇಬ್ಬರೂ ತಮ್ಮತಮ್ಮ ಊರಿನ ಸರ್ಕಾರಿ ಶಾಲೆಯ ಸಮಿತಿಗೆ ಅಧ್ಯಕ್ಷರಾಗಿದ್ದರು. ಎರಡೂ ಶಾಲೆಗಳು ಏಳನೇ ತರಗತಿಗೆ ಮುಗಿಯುತ್ತಿದ್ದವು. ಎಂಟಕ್ಕೆ ಬಿಡದಿಗೆ ಬಸ್ಸು ಹತ್ತಬೇಕು. ಬಸ್ಸಿನ ತುಂಬ ಪಾಳಿ ಮುಗಿಸಿದ ಗಂಡಸರು. ಹಾಗಾಗಿ ಅರ್ಧಕ್ಕರ್ಧ ಹೆಣ್ಣುಮಕ್ಕಳ ಓದು ಏಳಕ್ಕೇ ನಿಲ್ಲುತ್ತಿತ್ತು. ಬೈರಪ್ಪನ ಚಿಕ್ಕ ಮಗಳು ನವ್ಯಶ್ರೀ ಆಗ ಏಳರಲ್ಲಿದ್ದಳು. ಆ ವರ್ಷ ಎರಡರಲ್ಲಿ ಒಂದು ಶಾಲೆಗೆ ಎಂಟನೇ ತರಗತಿಯನ್ನೂ ಎರಡು ಕೊಠಡಿಗಳನ್ನೂ ಕೊಡುವುದಾಗಿ ಶಿಕ್ಷಣ ಕಚೇರಿಯಿಂದ ಸುದ್ದಿ ಬಂತು. ಯಾವ ಶಾಲೆಗೆ ಎಂಬುದು ಮುಂದಿನ ಐದು ವರ್ಷ ಯಾವ ಊರಿನಲ್ಲಿ ಹೆಚ್ಚು ಮಕ್ಕಳು ಒಂದನೇ ತರಗತಿಗೆ ಸೇರುತ್ತಾರೆ ಎಂಬುದರ ಮೇಲೆ. ಎರಡೂ ಊರಿನವರು ಅಂದಾಜು ಕೊಡಬೇಕು.

ಬೈರಪ್ಪ ಅಂದಾಜು ಮಾಡಿದ ರೀತಿ ನೇರವಾಗಿತ್ತು. ಇವತ್ತು ತೊಟ್ಟಿಲಲ್ಲಿರುವ ಕೂಸು ಆರನೇ ವರ್ಷಕ್ಕೆ ಶಾಲೆಯಲ್ಲಿರುತ್ತದೆ. ಅಂಗನವಾಡಿಯ ಮಾರಮ್ಮನ ಜೊತೆ ಮನೆಮನೆಗೂ ಹೋಗಿ ಎರಡು ವರ್ಷದಲ್ಲಿ ಎಷ್ಟು ತೊಟ್ಟಿಲು ಕಟ್ಟಿದರು ಎಂದು ಕೇಳಿದ. ಇಪ್ಪತ್ತಾರು. ಅದರಲ್ಲಿ ಒಂದು ಅವನ ಮನೆಯಲ್ಲೇ ತೂಗುತ್ತಿತ್ತು. ಭಾನುಪ್ರಿಯ ಚೊಚ್ಚಲ ಹೆರಿಗೆಗೆ ಬಂದು ಹೆಣ್ಣು ಕೂಸು ಹೆತ್ತಿದ್ದಳು. ಯಳವನದೊಡ್ಡಿಯಲ್ಲಿ ಅದೇ ಎರಡು ವರ್ಷಕ್ಕೆ ಹುಟ್ಟಿದ್ದು ಒಂಬತ್ತೇ. ಆದರೂ ದೇವರಾಜು ವರ್ಷಕ್ಕೆ ಮೂವತ್ತು ಮಕ್ಕಳು ಬರುತ್ತಾರೆಂದು ಬರೆಸಿ ಕೊಟ್ಟಿದ್ದ.

ಕಚೇರಿಯವರಿಗೆ ಹುಟ್ಟಿದ ಮಕ್ಕಳ ಲೆಕ್ಕವೇ ಕಣ್ಣಿಗೆ ಕಾಣುವಂಥದ್ದು. ಕೋಡಿಪಾಳ್ಯಕ್ಕೇ ಆಗುತ್ತದೆಂದು ಗುಮಾಸ್ತ ಕಿವಿಯಲ್ಲಿ ಹೇಳಿದ. ಬೈರಪ್ಪ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, ಇನ್ನೊಂದು ಹಾಕಿಸಿಕೊಂಡು ಊರಿಗೆ ಬಂದ. ಬಂದವನು ಸುಮ್ಮನಿರಲಿಲ್ಲ. ಗೆದ್ದದ್ದು ಸಾಲದೆನಿಸಿತು. ಒಂಬತ್ತು ತೊಟ್ಟಿಲು ಇಟ್ಟುಕೊಂಡು ಮೂವತ್ತು ಮಕ್ಕಳೆಂದ ಆ ಬಾಯಿ ನಾಲ್ಕು ಜನರ ಮುಂದೆ ಮುಚ್ಚಬೇಕು. ಯಳವನದೊಡ್ಡಿಯ ಲೆಕ್ಕ ಸುಳ್ಳು, ಬಂದು ತನಿಖೆ ಮಾಡಿ ಎಂದು ಅರ್ಜಿ ಬರೆಸಿದ.

"ಸಿಕ್ಕೈತಲ್ಲ, ಸುಮ್ಕಿರಿ" ಎಂದಳು ಸಿದ್ದಮ್ಮ. "ಅವ್ರ ಮನೆ ಗೋಡೆಗೆ ಸುಣ್ಣ ಹೊಡುದ್ರೆ ನಿಮ್ಗ್ಯಾಕೆ ಕಣ್ಣುರಿ?"

ಬೈರಪ್ಪ ಅರ್ಜಿ ಕೊಟ್ಟ.

ತನಿಖೆಗೆ ಬಂದವರು ಹಫೀಜಾ ಮೇಡಂ. ಚನ್ನಪಟ್ಟಣದ ಬೊಂಬೆ ಕೆಲಸದವರ ಮನೆಯ ಹೆಣ್ಣುಮಗಳು, ಹತ್ತು ವರ್ಷ ಪಾಠ ಹೇಳಿ ಈಗ ಶಾಲೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಬಂದಿದ್ದವರು. ಅರ್ಜಿ ಕೊಟ್ಟವನು ಜೊತೆಯಲ್ಲಿರಲಿ ಎಂದು ಬೈರಪ್ಪನನ್ನೂ ಯಳವನದೊಡ್ಡಿಗೆ ಕರೆದುಕೊಂಡು ಹೋದರು. ದೇವರಾಜು ಎಳನೀರು ಕೆತ್ತಿಸಿಟ್ಟಿದ್ದ. ಬೈರಪ್ಪ ಮುಟ್ಟಲಿಲ್ಲ.

ಲೈನ್ ಮನೆಗಳ ಮುಂದೆ ಮೂವರೂ ನಡೆದರು. ಹಗಲು ಹೊತ್ತು, ಹೆಚ್ಚಿನ ಬಾಗಿಲುಗಳಿಗೆ ಬೀಗ. ಒಂದು ಕಡೆ ರಾತ್ರಿ ಪಾಳಿ ಮುಗಿಸಿ ಬಂದ ಹುಡುಗನೊಬ್ಬ ತಾನೇ ಅನ್ನಕ್ಕಿಟ್ಟುಕೊಂಡಿದ್ದ. ಮಕ್ಕಳ ಚಡ್ಡಿ ಒಣಗಿದ್ದು ಒಂದೆರಡು ಹಗ್ಗದ ಮೇಲೆ ಮಾತ್ರ. ಬೈರಪ್ಪನಿಗೆ ನಡಿಗೆ ಹಗುರವಾಯಿತು. ಒಂದೊಂದು ಬೀಗವನ್ನೂ ಕೈಯಲ್ಲಿ ಹಿಡಿದು ತೋರಿಸಿದ.

"ನೋಡಿ ಮೇಡಂ, ಎಲ್ಲವ್ರೆ ಮಕ್ಳು? ಬೀಗಕ್ಕೆ ಅ ಆ ಇ ಈ ಹೇಳ್ಕೊಡ್ತಾನಾ ಇವ್ನು?"

ಹಫೀಜಾ ನಕ್ಕರು. ಅನ್ನಕ್ಕಿಟ್ಟುಕೊಂಡಿದ್ದ ಹುಡುಗನನ್ನು ಹೆಂಡತಿ ಎಲ್ಲಿ ಎಂದು ಕೇಳಿದರು. ತವರಿಗೆ ಹೋಗಿದ್ದಾಳೆ, ಹಾಸನದ ಕಡೆ, ಏಳನೇ ತಿಂಗಳು ಎಂದ. ಪಕ್ಕದ ಮನೆಯವಳು? ಅವಳೂ ತವರಿಗೆ, ಹೆತ್ತು ತಿಂಗಳಾಯಿತು. ಅದರಾಚೆಯ ಮನೆ? ಹುಡುಗ ಬೆರಳು ಮಡಿಸುತ್ತ ಹೋದ. ಹಫೀಜಾ ಈಗ ನಗುತ್ತಿರಲಿಲ್ಲ. ಸಾಲಿನ ಕೊನೆಯ ಬಾಗಿಲಿನಲ್ಲಿ ಒಣಗಿದ ಮಾವಿನ ತೋರಣ ತೂಗುತ್ತಿತ್ತು, ಅಲ್ಲಿಯೂ ಬೀಗ. ಇದು ಯಾರ ಮನೆ ಎಂದು ಕೇಳಿದರು.

ದೇವರಾಜು ಬೈರಪ್ಪನ ಮುಖ ನೋಡಿದ. ಆಮೇಲೆ ತಾನೇ ಹೇಳಿದ. "ಇದು ನಮ್ ಬೈರಣ್ಣನ ಅಳಿಯನ್ದೇ ಮೇಡಂ. ಮಗ್ಳು ಬಾಣಂತನಕ್ಕೆ ಹೋಗವ್ಳೆ, ಅಪ್ಪನ ಮನೆಗೆ."

ಬೈರಪ್ಪನ ಕೈ ಬೀಗದ ಮೇಲೇ ಇತ್ತು. ಅದನ್ನು ಮೆಲ್ಲಗೆ ಬಿಟ್ಟ.

"ಆ ಮಗು ನೀವು ಕೊಟ್ಟ ಇಪ್ಪತ್ತಾರರಲ್ಲಿ ಸೇರಿದೆಯಾ?" ಎಂದರು ಹಫೀಜಾ.

ಸೇರಿದೆ ಎಂದ. ಸೇರದೆ ಏನು, ತನ್ನ ಮನೆಯಲ್ಲಿ ಹುಟ್ಟಿದ ಕೂಸು. ಹಾಗಾದರೆ ಯಾವ ಶಾಲೆಗೆ ಸೇರುತ್ತದೆ ಎಂದು ಅವರು ಕೇಳಿದರು. ದೇವರಾಜು ಎದುರಿಗೇ ನಿಂತಿದ್ದ. ಅವನ ಮುಂದೆ ಸೋಲಲು ಬೈರಪ್ಪನಿಗೆ ಮನಸ್ಸಾಗಲಿಲ್ಲ.

"ನಮ್ಮೂರಿಗೆ ಮೇಡಂ. ನಮ್ ಮನೇಲೇ ಇದ್ಕೊಂಡು ಓದ್ತದೆ."

ಹಫೀಜಾ ಆಗಲಿ ಎಂದರು, ಕೋಡಿಪಾಳ್ಯವನ್ನೂ ನೋಡಿಬಿಡೋಣ ಎಂದರು. ದೇವರಾಜುವೂ ಜೊತೆಗೆ ಹೊರಟ. ಹಳ್ಳ ದಾಟುವಾಗ ಹಫೀಜಾ ಮಾತು ಬೆಳೆಸದೆ ತಮ್ಮ ಮನೆಯ ವಿಷಯ ಹೇಳಿದರು. ಅವರ ಮಗ ಹುಟ್ಟಿದ್ದು ಚನ್ನಪಟ್ಟಣದಲ್ಲಿ, ತಾಯಿಯ ಮನೆಯಲ್ಲಿ. ಓದುತ್ತಿರುವುದು ರಾಮನಗರದಲ್ಲಿ.

ಮನೆಯ ನಡುವಿನಲ್ಲಿ ತೊಟ್ಟಿಲು ಕಟ್ಟಿತ್ತು. ಭಾನುಪ್ರಿಯ ಕಿವಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಒಳಗೆ ಸಿದ್ದಮ್ಮ ಕಾಫಿ ಸೋಸುತ್ತಿದ್ದಳು. ಹಫೀಜಾ ಕೂಸಿನ ಮುಖ ನೋಡಿ, ಇದು ಅಜ್ಜನ ಮನೆಯಲ್ಲೇ ಇದ್ದು ಓದುತ್ತದಂತೆ, ನೀನೂ ಇಲ್ಲೇ ಇರುತ್ತೀಯೇನಮ್ಮ ಎಂದರು. ಹುಡುಗಿಗೆ ಅರ್ಥವಾಗಲಿಲ್ಲ. ಅವಳು ಅಪ್ಪನ ಕಡೆ ತಿರುಗಿದಳು.

"ಇರ್ತಾಳೆ" ಎಂದುಬಿಟ್ಟ ಬೈರಪ್ಪ. "ಮಗ್ಳೂ ಕೂಸೂ ಇಲ್ಲೇ ಇರ್ತಾರೆ."

ಒಳಗೆ ಕಾಫಿ ಸೋಸುವ ಸದ್ದು ನಿಂತಿತು.

"ಅಪ್ಪ, ಐದನೇ ತಿಂಗ್ಳಿಗೆ ಕಳ್ಸಲ್ವಾ ನನ್ನ?" ಎಂದಳು ಭಾನುಪ್ರಿಯ. ದನಿ ಸಣ್ಣಗಾಗಿತ್ತು. "ಅವ್ರೇನಾರ ಅಂದ್ರಾ?"

ಸಿದ್ದಮ್ಮ ಕೈಯಲ್ಲಿ ಸೋಸುವ ಬಟ್ಟೆ ಹಿಡಿದೇ ಹೊರಗೆ ಬಂದಳು. ಗಂಡನ ಮನೆಗೆ ಹೋಗದೆ ತವರಿನಲ್ಲೇ ಉಳಿಯುವ ಮಗಳೆಂದರೆ ಯಾವ ಮನೆಯಲ್ಲೂ ಒಂದೇ ಅರ್ಥ. ಬಂದವರ ಎದುರಿಗೆ ಅವಳು ಗಂಡನಿಗೆ ಎಂದೂ ಎದುರಾಡಿದವಳಲ್ಲ.

"ಬುಡ್ತು ಅನ್ನಿ" ಎಂದಳು. "ತೊಟ್ಟಿಲ ಮುಂದೆ ನಿಂತ್ಕೊಂಡು ಎಂಥ ಮಾತಾಡ್ತೀರಿ. ಬುಡ್ತು ಅನ್ನಿ ಮೊದ್ಲು."

ಬೈರಪ್ಪ ಮಗಳನ್ನು ನೋಡಿದ. ಅವಳ ಕಣ್ಣು ತುಂಬಿತ್ತು. ಬಾಗಿಲಲ್ಲಿ ದೇವರಾಜು ನೆಲ ನೋಡುತ್ತ ನಿಂತಿದ್ದ.

"ಬುಡ್ತು" ಎಂದ ಬೈರಪ್ಪ. ಮೇಡಂ ಕಡೆ ತಿರುಗಿ, "ಐದನೇ ತಿಂಗ್ಳಿಗೆ ಯಳವನದೊಡ್ಡಿಗೆ ಹೊಯ್ತದೆ ಮೇಡಂ, ಕೂಸು. ಅಲ್ಗೇ ಬರ್ಕೊಳಿ" ಎಂದ.

ಒಂದು ತೊಟ್ಟಿಲು ಹಾಗೆ ಹೋದ ಮೇಲೆ ಉಳಿದವನ್ನೂ ಕೇಳಲೇಬೇಕಾಯಿತು. ಮಾರಮ್ಮ ಒಂದೊಂದೇ ಮನೆಯ ಹೆಸರು ಹೇಳುತ್ತ ಬಂದಳು. ಇದು ಕುಣಿಗಲ್ ಕಡೆಗೆ ಕೊಟ್ಟ ಮಗಳದು. ಇದು ಮಾಗಡಿಗೆ. ಇದು ಕನಕಪುರಕ್ಕೆ, ಆಗಲೇ ಹೋಗಿಯಾಯಿತು. ಕೊನೆಗೆ, ಹೆರಿಗೆಗೆ ತವರಿಗೆ ಹೋದ ಸೊಸೆಯರ ಕೂಸುಗಳನ್ನು ಸೇರಿಸಿದರೂ ಕೋಡಿಪಾಳ್ಯದಲ್ಲಿ ಉಳಿಯುವವು ಒಂಬತ್ತೇ ಆದವು. ಅತ್ತ ಬೀಗ ಹಾಕಿದ ಬಾಗಿಲುಗಳ ಮಕ್ಕಳೆಲ್ಲ ಯಾವ್ಯಾವುದೋ ಊರಿನ ತೊಟ್ಟಿಲುಗಳಲ್ಲಿದ್ದವು, ಐದನೇ ತಿಂಗಳಿಗೆ ಯಳವನದೊಡ್ಡಿಗೆ ಬರುವಂಥವು.

ಬೈರಪ್ಪ ಇಪ್ಪತ್ತು ವರ್ಷದಿಂದ ರೇಷ್ಮೆ ಸಾಕುತ್ತಿದ್ದವನು. ಚಾಕಿ ಮನೆಯಲ್ಲಿ ಎಳೆಹುಳು ಸಾಕಿ ಎರಡು ಜ್ವರ, ಅಂದರೆ ಹುಳು ಎರಡು ಸಲ ಪೊರೆ ಬಿಡುವ ಹೊತ್ತು, ಕಳೆದ ಮೇಲೆ ರೈತರ ಮನೆಗೆ ಕೊಡುತ್ತಾರೆ. ಹುಳು ಗೂಡು ಕಟ್ಟುವುದು ರೈತರ ಮನೆಯಲ್ಲಿ. ಚಾಕಿ ಮನೆಯ ಹುಳು ಎಣಿಸಿ ಇಷ್ಟು ಗೂಡು ನನ್ನದು ಅನ್ನುವ ಪೆದ್ದನನ್ನು ಅವನು ಕಂಡಿರಲಿಲ್ಲ. ಹಾಗೆ ಎಣಿಸಿದವನು ತಾನೇ ಎಂದು ಅವನಿಗೆ ಆ ಸಂಜೆ ಹೊಳೆಯಿತು. ಷಡ್ಡಕನ ಒಂಬತ್ತನ್ನು ನೋಡುವ ಉರಿಯಲ್ಲಿ ತನ್ನ ಇಪ್ಪತ್ತಾರನ್ನು ಅವನು ಸರಿಯಾಗಿ ನೋಡಿರಲೇ ಇಲ್ಲ.

ಹೊರಡುವ ಮುಂಚೆ ದೇವರಾಜು ಒಂದೇ ಮಾತು ಆಡಿದ್ದ. "ನಿನ್ ಅರ್ಜಿ ಇಲ್ದಿದ್ರೆ ಮೇಡಂ ನಮ್ ಕಡೆ ತಲೆನೂ ಹಾಕ್ತಿರ್ಲಿಲ್ಲ ಕಣಣ್ಣ." ಅದು ಕುಟುಕಿದ್ದೋ ಉಪಕಾರ ನೆನೆದದ್ದೋ ಎಂದು ಬೈರಪ್ಪ ವರ್ಷಗಟ್ಟಲೆ ಯೋಚಿಸಿದ. ಸಿದ್ದಮ್ಮನ ಪ್ರಕಾರ ಎರಡೂ.

ಎಂಟನೇ ತರಗತಿಯೂ ಎರಡು ಕೊಠಡಿಗಳೂ ಯಳವನದೊಡ್ಡಿಗೆ ಹೋದವು. ಭಾನುಪ್ರಿಯಳನ್ನು ಐದನೇ ತಿಂಗಳಿಗೆ ಮಡಿಲಕ್ಕಿ ತುಂಬಿ, ತೊಟ್ಟಿಲ ಸಮೇತ ಕಳಿಸಿದರು. ತೊಟ್ಟಿಲನ್ನು ಹಳ್ಳ ದಾಟಿಸಿದವನು ಬೈರಪ್ಪನೇ. ಜೂನಿನಲ್ಲಿ ನವ್ಯಶ್ರೀ ಬಿಡದಿಯ ಬಸ್ಸು ಹತ್ತಲಿಲ್ಲ. ಹಳ್ಳ ದಾಟಿ ನಡೆದು ಹೋಗಿ ಷಡ್ಡಕನ ಊರಿನ ಹೊಸ ಕೊಠಡಿಯಲ್ಲಿ ಕೂತಳು, ಸಂಜೆ ಅಕ್ಕನ ಮನೆಯಲ್ಲಿ ಕೂಸು ಆಡಿಸಿ ಬಂದಳು. ಊರಿಗೆ ಬರಲಿದ್ದ ಎಂಟನೇ ತರಗತಿಯನ್ನು ಬೈರಪ್ಪ ತನ್ನ ಕೈಯಾರೆ ಕಳೆದ. ಮಗಳ ಓದು ಉಳಿಯಿತು. ಹೊಟ್ಟೆಕಿಚ್ಚು ಪೂರ್ತಿ ಹೋಗಲಿಲ್ಲ, ಒಸಿ ಕಮ್ಮಿಯಾಯಿತು.