ಗೋಡೆ ಹಾರುವ ಕುರಿ

ಕಂಬ್ರಿಯಾದ ನಮ್ಮ ಬೆಟ್ಟಗಳಲ್ಲಿ ಹಾರುವುದಕ್ಕೆ ‘ಲೌಪ್’ ಅನ್ನುತ್ತಾರೆ. ಮಗು ಕಾಲುವೆ ಹಾರಿದರೂ ಲೌಪ್, ನಾಯಿ ಗೇಟು ಹಾರಿದರೂ ಲೌಪ್. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಹರಾಜಿನ ಅಂಗಳದಲ್ಲಿ ಕುರಿಯ ಬಗ್ಗೆ ಈ ಮಾತು ಬಂದರೆ ಕೊಳ್ಳುವವರು ಬೆಲೆ ಕೂಗುವುದು ಬಿಟ್ಟು ಕೈ ಜೇಬಿಗೆ ಹಾಕಿಕೊಳ್ಳುತ್ತಾರೆ. ಕಲ್ಲುಗೋಡೆ ಹಾರಲು ಕಲಿತ ಕುರಿ ಅದನ್ನು ಬಿಡುವುದಿಲ್ಲ, ಜೊತೆಯವಕ್ಕೂ ಕಲಿಸುತ್ತದೆ. ಅದಕ್ಕೇ ಮಾರುವವರು ಅಂಗಳದಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಅದನ್ನು ತಾವೇ ಹೇಳಬೇಕು.

ಹಿಂದೊಂದು ಶರತ್ಕಾಲದಲ್ಲಿ ಕುರಿ ಮಾರಲು ಬಂದ ಜಾಸ್ ರೆಲ್ಫ್ ಅದನ್ನು ಹೇಳಿರಲಿಲ್ಲ. ಆ ಕುರಿ ಕೊಂಡ ಐಸಾಕ್ ಮೌನ್ಸಿಯ ಅರ್ಧ ಮಂದೆ ವಸಂತದ ಹೊತ್ತಿಗೆ ಪಕ್ಕದವರ ಟರ್ನಿಪ್ ಹೊಲದಲ್ಲಿತ್ತು. ಅಲ್ಲಿಂದಾಚೆಗೆ ರೆಲ್ಫ್ ಕುರಿಗಳೆಂದರೆ ಜನ ಅಂಗಳಕ್ಕಿಳಿದು ಬಾಯಿ ತೆರೆಸಿ ಹಲ್ಲು ನೋಡುತ್ತಾರೆ, ಕೆಚ್ಚಲು ಹಿಸುಕುತ್ತಾರೆ, ಕೊನೆಗೆ ಸುಮ್ಮನೆ ಹೋಗುತ್ತಾರೆ. ಈ ಸಲ ಜಾಸ್‌ನ ಸೊಂಟ ಕೈಕೊಟ್ಟಿತ್ತು. ಮಾರಲು ಮಗಳು ಟೇಮರ್ ಬಂದಿದ್ದಳು. ಈ ಸಲವೂ ಯಾರೂ ಕೊಳ್ಳದಿದ್ದರೆ ಮಂದೆಯನ್ನೇ ಬಿಡಬೇಕಿತ್ತು.

ಅವಳ ಕುರಿಗಳಲ್ಲಿ ಅತ್ಯಂತ ಚೆಂದದ್ದು ಗೋಡೆ ಹಾರುತ್ತಿತ್ತು.

“ಒಂದ್ಸಲ ಹಾರಿತ್ತು ಅನ್ನು, ಸಾಕು. ನಾಯಿಗೆ ಬೆದರ್ತು ಅನ್ನು,” ಎಂದ ಜೊತೆಗೆ ಬಂದಿದ್ದ ಜಾಸ್.

“ನಾಯಿ ಆವತ್ತು ಅಡುಗೆಮನೇಲಿತ್ತಪ್ಪಾ.”

“ಕುರಿ ಬಂದು ಸಾಕ್ಷಿ ಹೇಳುತ್ತಾ?”

“ಮೌನ್ಸಿಗೆ ಮಾರಿದ್ದು ಹೇಳ್ತಲ್ಲ.”

ಜಾಸ್ ಊರುಗೋಲು ಕುಟ್ಟಿಕೊಂಡು ಮೇಲಿನ ಬೆಂಚಿಗೆ ಹೋಗಿ ಕೂತ.

ಟೇಮರ್ ಆ ಕುರಿಯನ್ನೊಂದನ್ನೇ ಮೊದಲು ಅಂಗಳಕ್ಕೆ ಬಿಟ್ಟಳು. ಅದರ ಚೆಂದಕ್ಕೆ ಬೆಲೆಯ ಕೂಗುಗಳು ಚುರುಕಾಗಿಯೇ ಶುರುವಾದವು. ಮುಂದಿನ ಕಂಬಿಗೆ ಒರಗಿದ್ದ ಮೌನ್ಸಿ ಕೈ ಎತ್ತಲಿಲ್ಲ.

“ಚೆನ್ನಾಗಿದೆ ಕಣಮ್ಮ ಕುರಿ. ನಾಲಿಗೆ ನಿಂದೋ, ಅಪ್ಪಂದೇ ತಂದ್ಯೋ?” ಎಂದ.

ಜನ ನಕ್ಕರು. ಮೇಲೆ ಜಾಸ್ ನೆಲ ನೋಡುತ್ತಿದ್ದ.

“ಹಲ್ಲು ಸರಿ ಇದೆ, ಕೆಚ್ಚಲು ಸರಿ ಇದೆ,” ಎಂದಳು ಟೇಮರ್. “ಲೌಪ್ ಮಾಡ್ತಾಳೆ.”

ಕೂಗು ನಿಂತಿತು; ಕೂಗಿದ್ದವರೂ ಹಿಂದೆ ಸರಿದರು.

“ಎಷ್ಟೆತ್ತರ?” ಎಂದ ಮೌನ್ಸಿ.

ಟೇಮರ್ ಎದೆಯ ಮಟ್ಟಕ್ಕೆ ಕೈ ಹಿಡಿದಳು.

“ಗೋಡೆ ಮೇಲೆ ತಂತಿ ಎಳೆದ್ರೆ?”

“ತಂತೀನೂ ಹಾರ್ತಾಳೆ.”

“ಇದನ್ನ ಕುದುರೆ ರೇಸಿಗೆ ಬಿಡಮ್ಮ!” ಎಂದು ಹಿಂದಿನಿಂದ ಯಾರೋ ಕೂಗಿದರು. ಹರಾಜುಗಾರ ಕಾದ, ಸುತ್ತ ನೋಡಿದ, ಸುತ್ತಿಗೆ ಬಡಿಯದೆ ಕೆಳಗಿಟ್ಟ. ಕುರಿ ಬಂದ ದಾರಿಯಲ್ಲೇ ವಾಪಸಾಯಿತು.

ಉಳಿದವು ಒಟ್ಟಿಗೆ ಬಂದವು.

“ಇವು?” ಎಂದ ಮೌನ್ಸಿ. ಅಂಗಳಕ್ಕಿಳಿಯಲು ಒಂದು ಕಾಲು ಆಗಲೇ ಕಂಬಿಯ ಮೇಲಿತ್ತು.

“ಇವು ಹಾರಲ್ಲ. ಅವಳನ್ನ ಬೇರೆ ಹೊಲದಲ್ಲಿ ಬಿಟ್ಟಿದ್ದೆ.”

“ಅಲ್ಲೇ ಇದ್ಲಾ?”

“ಎಲ್ಲಿ! ಒಂದಿನಾನೂ ಇರ್ಲಿಲ್ಲ. ಕೊನೆಗೆ ಕೊಟ್ಟಿಗೇಲಿ ಕೂಡಿಹಾಕ್ದೆ.”

ಮೌನ್ಸಿ ಕಾಲು ಕೆಳಗಿಳಿಸಿದ. ನಿಂತಲ್ಲಿಂದಲೇ ಬೆರಳೆತ್ತಿದ. ಅವನನ್ನು ನೋಡಿ ಇನ್ನಿಬ್ಬರು ಎತ್ತಿದರು. ಯಾರೂ ಅಂಗಳಕ್ಕಿಳಿಯಲಿಲ್ಲ. ಅಷ್ಟೂ ಕುರಿಗಳು ಮೌನ್ಸಿಯ ಪಾಲಾದವು.

ಮನೆಯ ದಾರಿಯಲ್ಲಿ ಸೇತುವೆ ದಾಟಿದ ಮೇಲೆ ಜಾಸ್ ಹೇಳಿದ.

“ಮೌನ್ಸಿ ಹಲ್ಲು ನೋಡ್ಲಿಲ್ಲ.”

“ಇಲ್ಲ.”

ಹಿಂದೆ ಕಟ್ಟಿದ ಗಾಡಿಯಲ್ಲಿ ಮಾರಾಟವಾಗದ ಆ ಕುರಿ ತಗಡಿಗೆ ಒದೆಯುತ್ತಿತ್ತು.

“ಇವಳನ್ನೇನ್ ಮಾಡ್ತೀಯ?”

“ಗೋಡೆ ಎತ್ತರಿಸ್ತೀನಿ.”

“ಸಾಲಲ್ಲ.”

“ಗೊತ್ತು,” ಎಂದಳು ಟೇಮರ್.