ಅಕ್ಕನಿಗೆ ಹೇಳಿದ ಸುಳ್ಳು ಸೈಕಲ್ ಏರಿದ್ದು

ಪರದೆಯಮ್ಮ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಊರಿನ ಅರ್ಧ ಕಿಟಕಿಗಳಿಗೆ ಪರದೆ ಹೊಲಿದುಕೊಟ್ಟವಳು ಅವಳೇ. ಕೊರಳಲ್ಲಿ ಅಳತೆ ಟೇಪು, ತುಟಿಗಳ ನಡುವೆ ಗುಂಡುಸೂಜಿ. ಹಾಗಾಗಿ ಮಾತು ಕಡಿಮೆ. ಇಬ್ಬರ ಪಾಲಿನ ಮಾತನ್ನೂ ಅವಳ ಅಕ್ಕ ಹುಟ್ಟಿನಿಂದಲೇ ವಹಿಸಿಕೊಂಡಿದ್ದಳು.

ಅಕ್ಕ ವಯಸ್ಸಿನಲ್ಲಿ ಬಹಳ ದೊಡ್ಡವಳು, ಶಾಲೆಯ ಹೆಡ್‌ಮೇಡಂ ಆಗಿ ನಿವೃತ್ತಳಾದವಳು. ನಿವೃತ್ತಿ ಕೆಲಸಕ್ಕೆ ಮಾತ್ರ, ದರ್ಬಾರು ನಿಂತಿರಲಿಲ್ಲ. ಅಷ್ಟು ಮಕ್ಕಳ ಮೇಲೆ ಹಂಚಿಹೋಗುತ್ತಿದ್ದ ಅಪ್ಪಣೆಗಳೆಲ್ಲ ಈಗ ಗಂಡನ ಮೇಲೂ ತಂಗಿಯ ಮೇಲೂ ಬೀಳತೊಡಗಿದವು. ಭಾವ ಜಾಣ. ಕಿವಿ ಮಂದವಾಗಿದೆ ಎಂದು ಸಾರಿ ಪಾರಾದ. ಉಳಿದವಳು ತಂಗಿ.

ಒಂದು ಭಾನುವಾರ ಊಟದ ಮೇಜಿನಲ್ಲಿ ಅಕ್ಕ ತೀರ್ಪು ಕೊಟ್ಟಳು. “ಅಂಗಡಿ ಮುಚ್ಚಿಬಿಡು. ನಮ್ಮನೇಲಿ ಮೇಲಿನ ರೂಮು ಖಾಲಿ ಮಾಡಿಸಿದೀನಿ. ಗೋಡೆಗೆ ಬಣ್ಣನೂ ಆಯ್ತು.”

“ಯಾವ ಬಣ್ಣ?”

“ನಿಂಗೆ ಇಷ್ಟವಾದ್ದು.”

“ನಂಗೆ ಯಾವ್ದಕ್ಕ ಇಷ್ಟ?”

“ತಿಳಿ ಹಸಿರು” ಎಂದಳು ಅಕ್ಕ, ಎಳ್ಳಷ್ಟೂ ಅನುಮಾನವಿಲ್ಲದೆ.

ಪರದೆಯಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಕಿಟಕಿಯಾಚೆ ನೋಡಿದಳು. ಬೀದಿಯ ನಲ್ಲಿಯ ಹತ್ತಿರ ಯಾರೋ ಪರದೇಶದವನು, ನಾಲ್ಕೂ ಕಡೆ ಚೀಲ ಕಟ್ಟಿದ ಸೈಕಲ್ಲನ್ನು ಸೊಂಟಕ್ಕೆ ಒರಗಿಸಿಕೊಂಡು ಬಾಟಲಿಗೆ ನೀರು ತುಂಬಿಸಿಕೊಳ್ಳುತ್ತಿದ್ದ. ಅವನ ಮುಖದಲ್ಲಿ ಧೂಳು ಬಿಟ್ಟರೆ ಬೇರೆ ಯಾವ ಚಿಂತೆಯೂ ಇರಲಿಲ್ಲ.

“ನಾನು ಬರಕ್ಕಾಗಲ್ಲ ಅಕ್ಕ. ಸೈಕಲ್ಲಲ್ಲಿ ಹೊರಟಿದೀನಿ.”

“ಎಲ್ಲಿಗೆ, ಮಾರ್ಕೆಟ್ಟಿಗಾ?”

“ಪಕ್ಕದ ಖಂಡ ದಾಟಿ, ಅದರ ಆಚೆ ತುದಿ ಸಮುದ್ರದ ತನಕ.”

ಕಿವಿ ಕೇಳದ ಭಾವನ ಕೈಯಿಂದ ಚಮಚ ಜಾರಿತು.

“ನಿಂಗೆ ಸೈಕಲ್ ಹೊಡೆಯಕ್ಕೇ ಬರಲ್ಲ” ಎಂದಳು ಅಕ್ಕ.

“ಕಲಿತಾ ಇದೀನಿ.” ಇದು ಎರಡನೇ ಸುಳ್ಳು. ಮೊದಲನೆಯದಕ್ಕೆ ಜೊತೆ ಬೇಕಿತ್ತು.

ಸುಳ್ಳು ಬೀದಿಯೆಲ್ಲ ಹಬ್ಬಲು ಸಂಜೆಯವರೆಗೂ ಕಾಯಬೇಕಾಗಲಿಲ್ಲ. ಮರುದಿನ ಪರದೆಯಮ್ಮ ಸೈಕಲ್ ರಿಪೇರಿಯವನ ಮುಂದೆ ಹೋಗಿ ನಿಂತಳು. ಅವನೋ ಎಲ್ಲದರಲ್ಲೂ ಕೆಡುಕನ್ನೇ ಕಾಣುವ ಆಸಾಮಿ. ಮಾರ್ಕೆಟ್ಟಿನ ಹಿಂದಿನ ಖಾಲಿ ಜಾಗದಲ್ಲಿ ಸೀಟು ಹಿಡಿದುಕೊಂಡು ಅವಳ ಹಿಂದೆ ಓಡುತ್ತಾ, “ಈ ವಯಸ್ಸಲ್ಲಿ ಮೂಳೆ ಮುರಿದ್ರೆ ಬೇಗ ಕೂಡಲ್ಲಮ್ಮ” ಎಂದು ಧೈರ್ಯ ತುಂಬುತ್ತಿದ್ದ. ಅವಳು ಕಸದ ತೊಟ್ಟಿಗೆ ಗುದ್ದಿದಳು. ಎಲೆಕೋಸಿನ ರಾಶಿಯೊಳಗೆ ಹೋದಳು.

“ಬ್ರೇಕು ಹಿಡೀರಿ!”

“ಬ್ರೇಕು ಯಾವ್ದು?”

“ಅದನ್ನ ಹತ್ತೋಕೆ ಮುಂಚೆ ಕೇಳ್ಬೇಕಿತ್ತು” ಎಂದ ರಿಪೇರಿಯವನು, ಅವಳನ್ನು ಕೋಸಿನಿಂದ ಎಳೆದು ತೆಗೆಯುತ್ತಾ.

ಅಂತೂ ಬಿದ್ದು ಎದ್ದು ಕಲಿತಳು. ಕಲಿತಳೆಂದರೆ, ನೇರವಾಗಿ ಹೋಗುವುದು ಬಂತು. ಬಲಕ್ಕೆ ತಿರುಗುವುದೂ ಬಂತು. ಎಡ ಮಾತ್ರ ದೇವರ ಮೇಲೆ ಭಾರ. ಉಳಿದಿದ್ದ ಪರದೆ ಬಟ್ಟೆಯಲ್ಲಿ ಸೈಕಲ್ಲಿಗೆ ಹೂವಿನ ಚೀಲಗಳನ್ನು ಹೊಲಿದಳು.

ಆದರೆ ಸಮುದ್ರಕ್ಕೆ ಹೋಗುವ ಯೋಚನೆ ಅವಳಿಗೆ ಕನಸಿನಲ್ಲೂ ಇರಲಿಲ್ಲ. ದೂರದ ಊರೊಂದರ ನದಿದಂಡೆಯಲ್ಲಿ ಅವಳ ಬಾಲ್ಯದ ಗೆಳತಿ ಲಾಡ್ಜ್ ನಡೆಸುತ್ತಿದ್ದಳು. ಅಲ್ಲಿ ಕೆಲವು ವಾರ ಅಡಗಿದ್ದು, ತಾರಸಿಯ ಮೇಲೆ ಕೂತು ಮುಖ ಕಪ್ಪಾಗಿಸಿಕೊಂಡು, ಮಂಡಿನೋವು ಎಂದು ಕುಂಟುತ್ತಾ ವಾಪಸು ಬರುವುದು. ಅಷ್ಟು ಹೊತ್ತಿಗೆ ಅಕ್ಕ ಮೇಲಿನ ರೂಮಿಗೆ ಬೇರೆ ಯಾರನ್ನಾದರೂ ಹಿಡಿದಿರುತ್ತಾಳೆ. ಇದು ಲೆಕ್ಕಾಚಾರ.

ಬೀದಿಯವರೆಲ್ಲ ಬೀಳ್ಕೊಟ್ಟರು. ಬಸ್ಸಿನಲ್ಲಿ ಅರ್ಧ ದಿನದ ದಾರಿಯನ್ನು ಅವಳು ಹೆಚ್ಚುಕಡಿಮೆ ಒಂದು ವಾರ ಮಾಡಿದಳು. ಲಾಡ್ಜಿನ ಬಾಗಿಲು ತೆರೆದ ಗೆಳತಿಯ ಮುಖ ಬಿಳುಚಿಕೊಂಡಿತ್ತು.

“ನಿಮ್ಮಕ್ಕ ಫೋನ್ ಮಾಡಿದ್ರು ಕಣೆ. ನೀನು ಇಲ್ಲೇ ಅಡಗಿರ್ತೀಯ ಅಂತ ಅನುಮಾನವಂತೆ. ನಾಳೆ ಬರ್ತಾರೆ.”

“ಇಲ್ಲ ಅನ್ನಬಾರದಿತ್ತಾ?”

“ಆರನೇ ಕ್ಲಾಸಲ್ಲಿ ನಂಗೆ ಪಾಠ ಮಾಡಿದೋರು. ಅವರ ಗಂಟಲು ಕೇಳಿದ ತಕ್ಷಣ ಎದ್ದು ನಿಂತ್ಕೊಂಡ್ಬಿಟ್ಟೆ. ಎದ್ದು ನಿಂತು ಸುಳ್ಳು ಹೇಳಕ್ಕಾಗುತ್ತಾ?”

ಪರದೆಯಮ್ಮ ಬೆಳಕು ಹರಿಯುವ ಮುಂಚೆಯೇ ಅಲ್ಲಿಂದ ಕಾಲು ಕಿತ್ತಳು. ಹಿಂದೆ ಅಕ್ಕ, ಮುಂದೆ ಎರಡು ಖಂಡ. ಎರಡು ಖಂಡವೇ ಹಗುರ ಅನ್ನಿಸಿತು.

ಗಡಿಯ ಕಚೇರಿಯಲ್ಲಿ ಅಧಿಕಾರಿ, ಸುಳ್ಳು ನಿಜವೆನ್ನಿಸಲೆಂದು ಅವಳು ಮಾಡಿಸಿಟ್ಟುಕೊಂಡಿದ್ದ ಪಾಸ್‌ಪೋರ್ಟನ್ನೂ ಹೂವಿನ ಚೀಲಗಳನ್ನೂ ನೋಡಿ, “ಪ್ರವಾಸದ ಉದ್ದೇಶ?” ಎಂದ.

“ಅಕ್ಕನಿಂದ ತಪ್ಪಿಸ್ಕೊಳ್ಳೋದು.”

ಅವನಿಗೂ ಒಬ್ಬಳು ಅಕ್ಕ ಇದ್ದಳೆಂದು ಕಾಣುತ್ತದೆ. ಮುದ್ರೆ ಒತ್ತಿ, “ಬೇಗ ಹೋಗಿ” ಎಂದ.

ಮೊದಮೊದಲು ಅಳು ಬರುತ್ತಿತ್ತು. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಆಮೇಲಾಮೇಲೆ ಕಾಲುಗಳು ಅವಳನ್ನು ಕೇಳುವುದನ್ನು ಬಿಟ್ಟು ತಾವೇ ತುಳಿಯತೊಡಗಿದವು. ಸಂಜೆ ಯಾವುದಾದರೂ ಮನೆಯ ಬಾಗಿಲು ತಟ್ಟುವಳು. ಜೋತುಬಿದ್ದ ಪರದೆ ಕಂಡರೆ ಅವಳ ಕೈ ಸುಮ್ಮನಿರದು. ಅಂಚು ಬಿಚ್ಚಿ ಹೊಲಿದುಕೊಡುವಳು, ಅವರು ಊಟ ಹಾಕಿ ಹಾಸಿಗೆ ಕೊಡುವರು. ಒಮ್ಮೆ ಬೆನ್ನಟ್ಟಿದ ನಾಯಿಗೆ ಹೆದರಿ ಏನೂ ತೋಚದೆ, ಇಳಿದು ನಿಂತು ಅಕ್ಕನ ದನಿಯಲ್ಲಿ “ಹೋಮ್‌ವರ್ಕ್ ಎಲ್ಲಿ?” ಎಂದು ಗದರಿದಳು. ನಾಯಿ ಬಾಲ ಮುದುರಿಕೊಂಡು ಹೋಯಿತು. ಅಂದು ರಸ್ತೆಯಲ್ಲಿ ಒಬ್ಬಳೇ ಹೊಟ್ಟೆ ಹುಣ್ಣಾಗುವಂತೆ ನಕ್ಕಳು.

ಒಂದು ಚಹಾದಂಗಡಿಯ ಮುಂದೆ ಹೊಸದಾಗಿ ಮದುವೆಯಾದ ಜೋಡಿಯೊಂದು ಸಿಕ್ಕಿತು. ಫಳಫಳ ಹೊಳೆಯುವ ಸೈಕಲ್ಲು, ಮೈಗಂಟಿದ ಬಟ್ಟೆ. ಅವರು ಅವಳ ಧೂಳನ್ನು ಭಕ್ತಿಯಿಂದ ನೋಡಿದರು.

“ಎಷ್ಟು ಕಾಲದಿಂದ ತಿರುಗ್ತಾ ಇದೀರಾ?” ಎಂದ ಹುಡುಗ.

“ಲೆಕ್ಕ ಇಟ್ಟಿಲ್ಲಪ್ಪ” ಎಂದಳು. ಅದು ನಿಜವೇ. ಆದರೆ ಅವರ ಕಣ್ಣಿನಲ್ಲಿ ಅದು ದಶಕಗಳಾಯಿತು.

“ಎದುರುಗಾಳಿ ಬಂದ್ರೆ?” ಎಂದಳು ಹುಡುಗಿ.

ಗುಂಡುಸೂಜಿಯಿಲ್ಲದ ತುಟಿಗಳಿಗೆ ಒಮ್ಮೆಲೇ ರೆಕ್ಕೆ ಬಂತು. “ಬೈಬೇಕು. ಜೋರಾಗಿ. ಗಾಳಿಗೆ ನಾಚಿಕೆ ಆಗೋ ತನಕ.” ಏರು ಬಂದರೆ ಇಳಿದು ತಳ್ಳಬೇಕು, ಸದಾ ಹತ್ತಿ ಕೂತರೆ ಸೈಕಲ್ಲಿಗೆ ಬೇಜಾರಾಗುತ್ತದೆ ಎಂದಳು. ನಾಯಿಯ ಉಪಾಯವನ್ನೂ ಉಪ್ಪುಖಾರ ಹಚ್ಚಿ ಹೇಳಿದಳು. ಅವರು ತಲೆದೂಗಿ, ಚಹಾ ಕುಡಿಸಿ, ಸರ್ರನೆ ಮುಂದೆ ಹೋದರು.

ಎರಡು ಖಂಡಗಳ ನಡುವಿನ ಹಡಗಿನಲ್ಲಿ ಪಕ್ಕಕ್ಕೆ ಕೂತ ಗಡ್ಡದವನೊಬ್ಬ, ಅವನೂ ಸೈಕಲ್ಲಿನವನೇ, ಅವಳಿಗೊಂದು ಕಥೆ ಹೇಳಿದ. “ಒಬ್ಬಮ್ಮ ಇದಾರಂತೆ. ಮೂವತ್ತು ವರ್ಷದಿಂದ ತಿರುಗ್ತಾನೇ ಇದಾರೆ. ಅವರು ಬೈದ್ರೆ ಗಾಳಿ ನಿಲ್ಲುತ್ತಂತೆ. ನಾಯಿಗಳು ಹೋಮ್‌ವರ್ಕ್ ತಂದು ತೋರಿಸ್ತಾವಂತೆ.”

“ಹೌದಾ?”

“ನಾನೇ ಕಣ್ಣಾರೆ ಕಂಡಿದೀನಿ. ಆರಡಿ ಎತ್ತರ.” ಅವನು ಅವಳ ಹೂವಿನ ಚೀಲಗಳನ್ನು ಕನಿಕರದಿಂದ ನೋಡಿದ. “ಬೇಜಾರಾಗ್ಬೇಡಿ. ನೀವು ಅವರ ಥರ ಆಗೋಕೆ ಇನ್ನೂ ಬಹಳ ಕಲೀಬೇಕು.”

“ಪ್ರಯತ್ನ ಪಡ್ತೀನಪ್ಪ” ಎಂದಳು ಪರದೆಯಮ್ಮ, ನಗು ತಡೆಯಲು ಅಲೆಗಳ ಕಡೆ ತಿರುಗಿ.

ಕೊನೆಗೊಂದು ಮಧ್ಯಾಹ್ನ, ರಸ್ತೆ ಇಳಿದು, ತಿರುಗಿ, ಸಮುದ್ರ ಬಂದೇಬಿಟ್ಟಿತು. ಅವಳು ಸೈಕಲ್ ನಿಲ್ಲಿಸಿ ಬಹಳ ಹೊತ್ತು ನೋಡಿದಳು. ನಾನು ಬಂದೆ ಎಂದು ಗಟ್ಟಿಯಾಗಿ ಹೇಳಿಕೊಂಡಳು. ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಹೇಳಿಕೊಂಡಳು.

ದಂಡೆಯ ಮೇಲಿನ ಪ್ರಯಾಣಿಕರ ವಸತಿಗೃಹದ ಅಂಗಳದಲ್ಲಿ, ಸೂಟ್‌ಕೇಸಿನ ಪಕ್ಕ, ನೆಟ್ಟಗೆ ಕುರ್ಚಿ ಹಾಕಿಕೊಂಡು ಅಕ್ಕ ಕೂತಿದ್ದಳು. ಸೈಕಲ್ಲಿನವರೆಲ್ಲ ಕೊನೆಗೆ ಬಂದು ತಂಗುವ ಜಾಗ ಇದೇ ಎಂದು ವಿಚಾರಿಸಿಕೊಂಡು ವಿಮಾನದಲ್ಲಿ ಬಂದಿದ್ದಳು.

“ತೆಳ್ಳಗಾಗಿದೀಯ” ಎಂದಳು. “ತಲೆ ಬಾಚಿಲ್ಲ. ನಾಳೆ ವಿಮಾನಕ್ಕೆ ಇಬ್ಬರಿಗೂ ಟಿಕೆಟ್ ಮಾಡಿಸಿದೀನಿ.” ಬೈಗುಳದ ನಡುವೆಯೇ ಎದ್ದು ಬಂದು ತಂಗಿಯ ಕೆನ್ನೆಯ ಧೂಳನ್ನು ಸೆರಗಿನಿಂದ ಒರೆಸಿದಳು.

ಅಷ್ಟರಲ್ಲಿ ವಸತಿಗೃಹದ ಸೈಕಲ್ ಪಡೆಯೆಲ್ಲ ಅಂಗಳಕ್ಕೆ ನುಗ್ಗಿತು. ಆ ಅಮ್ಮ ಬಂದಿದ್ದಾರೆಂಬ ಸುದ್ದಿ ಅವರಿಗೆ ಮುಟ್ಟಿತ್ತು. ಇಬ್ಬರನ್ನೂ ನೋಡಿದರು. ಒಬ್ಬಳು ಕುಳ್ಳಿ, ಮುದುಡಿ ನಿಂತವಳು. ಇನ್ನೊಬ್ಬಳು ಎತ್ತರ, ಹುಬ್ಬು ಗಂಟಿಕ್ಕಿದವಳು. ಎಲ್ಲರೂ ಅಕ್ಕನ ಸುತ್ತ ನೆರೆದರು.

“ಅಮ್ಮ, ನಾಯಿಗೆ ಹೋಮ್‌ವರ್ಕ್ ಕೇಳೋರು ನೀವೇ ತಾನೆ?”

“ನಾಯಿಗ್ಯಾಕೆ, ಯಾರಿಗಾದ್ರೂ ಕೇಳ್ತೀನಿ” ಎಂದಳು ಅಕ್ಕ. “ಹೀಗ್ಯಾಕೆ ಗುಂಪು ಕಟ್ಟಿದೀರಾ? ಸಾಲಾಗಿ ನಿಲ್ಲಿ.”

ಸಾಲಾಗಿ ನಿಂತರು. ಅಕ್ಕನ ಮುಖಕ್ಕೆ ಎಷ್ಟೋ ದಿನದ ಮೇಲೆ ರಂಗು ಬಂತು. ಸೈಕಲ್ಲುಗಳ ಮುಂದೆ ಒಂದು ಸುತ್ತು ಹಾಕಿದಳು. “ಚೀಲ ಕಟ್ಟೋ ರೀತಿನಾ ಇದು? ಬಿಚ್ಚಿ, ಸರಿಯಾಗಿ ಕಟ್ಟಿ.” ಬಿಚ್ಚಿದರು.

“ಅವರ್ಯಾರು?” ಎಂದು ಯಾರೋ ಪರದೆಯಮ್ಮನನ್ನು ತೋರಿಸಿದರು.

ಅಕ್ಕ ತಿರುಗಿ ನೋಡಿದಳು. ಅವಳೇನು ದಡ್ಡಿಯಲ್ಲ. ಏನು ನಡೆದಿದೆ ಎಂಬುದು ಅಷ್ಟರಲ್ಲಾಗಲೇ ಅವಳಿಗೆ ಹೊಳೆದಿತ್ತು. ತಂಗಿ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದಳು, ಕಣ್ಣಲ್ಲಿ ಮಾತ್ರ ತುಂಟತನ.

“ನನ್ನ ತಂಗಿ. ಈಗಿನ್ನೂ ಕಲಿತಾ ಇದಾಳೆ” ಎಂದಳು ಅಕ್ಕ.

ಬೆಳಗಾಗುವಷ್ಟರಲ್ಲಿ ಟಿಕೆಟ್ಟು ಮುಂದಕ್ಕೆ ಹೋಗಿತ್ತು. “ಈ ಮಕ್ಕಳನ್ನ ಹೀಗೇ ಬಿಟ್ಟು ಬರಕ್ಕಾಗುತ್ತಾ? ಒಬ್ಬರಿಗೂ ಶಿಸ್ತಿಲ್ಲ” ಎಂದಳು ಅಕ್ಕ. ಪರದೆಯಮ್ಮ ಭಾವನಿಗೆ ಫೋನ್ ಮಾಡಿ ಮೆಲ್ಲಗೆ ವಿಷಯ ತಿಳಿಸಿದರೆ, ಅವನು ಒಂದು ಅಕ್ಷರವನ್ನೂ ಬಿಡದೆ ಕೇಳಿಸಿಕೊಂಡು, “ಅವಸರ ಏನಿಲ್ಲ” ಎಂದ.

ಅಂಗಳದಲ್ಲಿ ಹಾಜರಿ ಕರೆಯುವ ಸದ್ದು ಕೇಳುತ್ತಿದ್ದಂತೆ ಪರದೆಯಮ್ಮ ಸೈಕಲ್ಲನ್ನು ಹಿಂಬಾಗಿಲಿನಿಂದ ಹೊರಕ್ಕೆ ತಳ್ಳಿದಳು. ದಂಡೆಯುದ್ದಕ್ಕೂ ಕಿರಿದಾದ ರಸ್ತೆಯೊಂದು ಚಾಚಿಕೊಂಡಿತ್ತು. ಬಲೆ ಸರಿಮಾಡುತ್ತಾ ಕೂತಿದ್ದ ಮುದುಕನನ್ನು, “ಇದು ಎಲ್ಲಿಗೆ ಹೋಗುತ್ತೆ?” ಎಂದು ಕೇಳಿದಳು.

“ತುಂಬ ದೂರ ಹೋಗುತ್ತೆ ತಾಯಿ.”

“ಒಳ್ಳೇದಾಯ್ತು” ಎಂದು ಅವಳು ಪೆಡಲಿನ ಮೇಲೆ ಕಾಲಿಟ್ಟಳು.