ಅಂಟಿನ ಘಾಟು

"ಬೆಳಗ್ಗೆನೇ ಏರಿಸ್ಕೊಂಡು ಬಂದಿದೀಯೇನೇ, ಮುಂಡೆ? ನಡಿಗೆ ನೋಡು!"

ಮಾಲೀಕ ಅಬೀಲಿಯೊ ಒದರಿದಾಗ ಝುಲ್ಮೀರಕ್ಕ ಗೋಡೆ ಹಿಡಿದು ನಿಂತಿದ್ದಳು. ಅವಳ ಕೈಯಿಂದ ಜಾರಿದ ಷೂ ಅಟ್ಟೆಗಳು ನೆಲದ ತುಂಬ ಚೆಲ್ಲಿದ್ದವು. ಹಬ್ಬದಲ್ಲೂ ವೈನ್ ಮುಟ್ಟದ ಹೆಂಗಸು ಅವಳು. ಮದುವೆಗೆ ಮೊದಲಿನಿಂದ ಅಂಟು ಬಳಿದೂ ಬಳಿದೂ ಅವಳ ಪಾದಗಳಿಗೆ ನೆಲ ತಿಳಿಯುವುದೇ ನಿಂತುಹೋಗಿತ್ತು.

ಪೋರ್ಚುಗಲ್ಲಿನ ಪೋರ್ತೊ ನಗರದಿಂದ ಒಳನಾಡಿಗಿರುವ ಈ ಊರಿನಲ್ಲಿ ಮನೆಗೊಬ್ಬರು ಷೂ ಕೆಲಸದವರು. ಚಳಿಗೆ ಅಂಟು ಹಿಡಿಯುವುದಿಲ್ಲವೆಂದು ಮಾಲೀಕ ನಾವು ಕೆಲಸ ಮಾಡುವ ಕಡೆಯ ಕಿಟಕಿಗಳಿಗೆ ಮೊಳೆ ಹೊಡೆಸಿದ್ದ. ಫ್ಯಾನೂ ಬಂದ್. ಅಂಟಿಗೆ ಬೆರೆಸುವ ಥಿನ್ನರ್‌ನ ಸಿಹಿ ಘಾಟು ತಲೆಗೇರಿ ಮಧ್ಯಾಹ್ನ ನಾವು ಸುಮ್ಮಸುಮ್ಮನೆ ನಗುತ್ತಿದ್ದೆವು, ಸಂಜೆ ವಾಂತಿ ಮಾಡುತ್ತಿದ್ದೆವು. ಅದಕ್ಕೆ ಅವನ ಔಷಧಿ ಒಂದೊಂದು ಲೋಟ ಹಾಲು. ಹಾಲು ವಿಷ ತೆಗೆಯುತ್ತದೆಂದು ನಮ್ಮ ಅಮ್ಮಂದಿರೂ ನಂಬಿ ಕುಡಿದಿದ್ದರು.

"ದಿನಾ ಹಾಲು ಕೊಡ್ತಿಲ್ವಾ? ಕುಡುಕಿಗೆ ಇಲ್ಲಿ ಕೆಲ್ಸ ಇಲ್ಲ. ನಡಿ ಮನೆಗೆ!"

ಕುಡುಕಿ ಎಂದು ತೆಗೆದರೆ ಕಾಯಿಲೆಗೆ ಕೊಡಬೇಕಾದ ಪರಿಹಾರದ ಹಣವೂ ಸಿಗದು. ಅದು ಅವನಿಗೂ ಗೊತ್ತಿತ್ತು.

ಪಕ್ಕದ ಬೆಂಚಿನ ದಿಯೊಲಿಂಡಾ ಎದ್ದಳು. "ಯಾರ್ನೋ ಕುಡುಕಿ ಅಂತೀಯ, ನಾಯಿ? ನಿನ್ ಅಂಟು ಮೂಸೀ ಮೂಸೀ ಹಿಂಗಾಗವ್ಳೆ!"

"ವೇಷ ಕಣೇ ಎಲ್ಲಾ. ಬರೀ ವಾಸ್ನೆಗೆ ಏನಾಗುತ್ತೆ?"

"ಏನೂ ಆಗಲ್ವಾ? ಬರ್ರೇ ಹಂಗಾದ್ರೆ!"

ಮುಚ್ಚಳ ತೆಗೆದ ಅಂಟಿನ ಡಬ್ಬಿಯನ್ನು ಎತ್ತಿಕೊಂಡು ಅವಳು ಮಾಲೀಕನ ಕೋಣೆಗೆ ನಡೆದಳು. ಕಾಲೇಜು ಓದಿದ್ದರೂ ನಾಲ್ಕು ಜನರೆದುರು ಬಾಯಿ ಬಿಡದವಳು ನಾನು. ಆದರೂ ನನ್ನ ಡಬ್ಬಿಯನ್ನೂ ಎತ್ತಿಕೊಂಡೆ. ಹಿಂದೆಯೇ ಉಳಿದವರೂ ಬಂದರು. ಅವನ ಕಾಫಿ ಬಟ್ಟಲು, ಫೋನು, ಮಾತೆ ಮರಿಯಳ ಪಟ ಸರಿಸಿ ಮೇಜಿನ ತುಂಬ ಡಬ್ಬಿ, ಬ್ರಷ್, ಅಟ್ಟೆಗಳನ್ನಿಟ್ಟೆವು. ಝುಲ್ಮೀರಕ್ಕನನ್ನು ಅವನ ಕುರ್ಚಿಯಲ್ಲೇ ಕೂರಿಸಿ ಕೆಲಸ ಶುರು ಮಾಡಿದೆವು.

ಅಬೀಲಿಯೊ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕಿಟಕಿಯತ್ತ ಧಾವಿಸಿದ. ಅಲ್ಲಿ ನಾನಿದ್ದೆ. ಚಿಲಕದ ಮೇಲೆ ಕೈಯಿಟ್ಟೆ.

"ಮೊದ್ಲು ನಮ್ ಕಡೆ ಕಿಟ್ಕಿ ಬಿಚ್ಸಿ," ಎಂದೆ. ನನ್ನ ದನಿ ನನಗೇ ಗುರುತಾಗಲಿಲ್ಲ.

"ಪೊಲೀಸ್ರನ್ನ ಕರೀತೀನಿ, ಬೋಸುಡೀರಾ!"

"ಕರೀರಿ. ಅವ್ರೂ ಒಂದ್ ಗಳಿಗೆ ಕೂತು ಮೂಸ್ಲಿ," ಎಂದಳು ಝುಲ್ಮೀರಕ್ಕ.

ಅಷ್ಟರಲ್ಲಿ ಅವಳ ಬೆರಳುಗಳಿಂದ ಬ್ರಷ್ ಜಾರಿ ಬಿತ್ತು. ದಿಯೊಲಿಂಡಾ ಎತ್ತಿಕೊಟ್ಟಳು. ಮತ್ತೆ ಬಿತ್ತು. ಝುಲ್ಮೀರಕ್ಕ ನನ್ನ ಮುಂದೆ ಕೈ ಚಾಚಿದಳು. ಕಿಟಕಿಗೆ ಬೆನ್ನು ಕೊಟ್ಟೇ ನಾನು ಷೂ ಹೊಲಿಯುವ ದಾರದಿಂದ ಬ್ರಷ್ಷನ್ನು ಅವಳ ಬೆರಳುಗಳಿಗೆ ಬಿಗಿದು ಕಟ್ಟಿದೆ. ಮಾಲೀಕನ ಮುಖದಿಂದ ಕಣ್ಣು ಕೀಳದೆ ಅವಳು ಅಂಟು ಬಳಿಯತೊಡಗಿದಳು.